ಮೇಲಿನ ಚೌಕದ ಗುರುತು

ಆಸ್ಪತ್ರೆಯ ಹೊರಗಿನ ಬೆಂಚು
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಒಬ್ಬಳೇ ಎತ್ತಲು ಹೋಗಬೇಡ. ನಾನು ಚೆನ್ನಾಗಿದ್ದೇನೆ. ಇಲ್ಲಿಯ ಊಟ ಸಪ್ಪೆ, ಆದರೂ ದಪ್ಪಗಾಗಿದ್ದೇನೆ, ನೋಡಿದರೆ ನಗುತ್ತೀಯ.

ಅಪ್ಪನ ಆಪರೇಷನ್ ಮುಗಿಯಿತು. ಗಂಟು ಮತ್ತೆ ಹುಟ್ಟಿತ್ತಲ್ಲ, ಅದಕ್ಕೆ ಅರ್ಧ ನಾಲಿಗೆಯನ್ನೂ ಕುತ್ತಿಗೆಯಲ್ಲಿ ಒಂದಷ್ಟನ್ನೂ ತೆಗೆದು, ತೊಡೆಯಿಂದ ಚರ್ಮ ತಂದು ಹೊಲಿದಿದ್ದಾರೆ. ಮಾತಿಲ್ಲ, ಬರೆದು ತೋರಿಸುತ್ತಾರೆ. ಕನ್ನಡಿ ನೋಡಿ ಮೊದಲು ಬರೆದದ್ದೇನು ಗೊತ್ತಾ? ‘ತ್ಯಾಪೆ ಬಣ್ಣ ಕೂಡಿಲ್ಲ. ಹೊಲಿಗೆ ಪರವಾಗಿಲ್ಲ.’ ಟೈಲರ್ ಬುದ್ಧಿ ಎಲ್ಲಿ ಹೋಗುತ್ತೆ. ಈಗ ಎರಡನೇ ಸಲ ರೇಡಿಯೇಷನ್, ಮೂರು ವರ್ಷದ ಹಿಂದೆ ಸುಟ್ಟ ಜಾಗಕ್ಕೇ. ಚರ್ಮ ಒಡೆಯಬಹುದು, ನುಂಗುವುದೂ ನಿಲ್ಲಬಹುದು. ಕೊಡದಿದ್ದರೆ ಗಂಟು ಮತ್ತೆ ಬರುವುದೇ ಹೆಚ್ಚು ಎಂದರು ಡಾಕ್ಟರು. ಒಟ್ಟು ಮೂವತ್ತು ಸಲ. ಜಾಳಿಗೆಯಂಥ ಪ್ಲಾಸ್ಟಿಕ್ ಮುಖವಾಡ ಹಾಕಿ, ತಲೆಯನ್ನು ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಮುಚ್ಚುತ್ತಾರೆ. ನಾನು ಟಿವಿಯಂಥ ಪರದೆಯಲ್ಲಿ ಅವರ ಕೈ ನೋಡುತ್ತಿರುತ್ತೇನೆ. ಬಟ್ಟೆಯ ನೇಯ್ಗೆ ನೋಡುವ ಹಾಗೆ ಎರಡು ಬೆರಳು ಸುಮ್ಮನೆ ಉಜ್ಜುತ್ತಿರುತ್ತಾರೆ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಈ ರೇಡಿಯೇಷನ್ನಿಗೆ ಕೊಡುವ ಒಪ್ಪಿಗೆಯ ಕಾಗದದಲ್ಲಿ ಎರಡು ಚೌಕ. ಮೇಲಿನದರ ಮುಂದೆ ‘ಬೇಕು’, ಕೆಳಗಿನದರ ಮುಂದೆ ‘ಬೇಡ’. ಅಪ್ಪ ಮೇಲಿನದರೊಳಗೆ ಗುಣಿಸುವ ಗುರುತು ಹಾಕಿದರು. ನರ್ಸಮ್ಮ ‘ಒಪ್ಪಿದ್ರು’ ಅಂದು ಕಾಗದ ಮಡಚಿಕೊಂಡರು. ನಮ್ಮ ಅಂಗಡಿಯಲ್ಲಿ ಸೀಮೆಸುಣ್ಣದ ಆ ಗುರುತು ಕಂಡರೆ ಅಲ್ಲಿಗೆ ಕತ್ತರಿ ತಾಗಿಸುವಂತಿಲ್ಲ. ನೀನೊಮ್ಮೆ ಕೋಟಿನ ಬಟ್ಟೆಗೆ ತಾಗಿಸಿ ಎರಡು ದಿನ ಅಂಗಡಿ ಕಡೆ ತಲೆ ಹಾಕಿರಲಿಲ್ಲ. ಅಪ್ಪ ಆ ಗುರುತು ಹಾಕಿದಾಗಲೇ ನನಗೆ ಅದರ ಅರ್ಥ ಗೊತ್ತಾಯಿತು. ಬಾಯಿ ಬಿಡಲಿಲ್ಲ ಅಕ್ಕಾ. ಹೇಳಿದರೆ ನಿಲ್ಲಿಸುತ್ತಾರೆ. ಹೇಳದಿದ್ದರೆ ದಿನಾ ನಾನೇ ಕೈಹಿಡಿದು ಆ ಬಾಗಿಲ ತನಕ ಕರೆದುಕೊಂಡು ಹೋಗಬೇಕು. ಒಂಬತ್ತು ಸಲ ಕರೆದುಕೊಂಡು ಹೋದೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಮುದುಕಮ್ಮನಿಗೂ ಕೇಳಿದೆ ಅಂತ ಹೇಳು.

ನಿನ್ನ ತಂಗಿ
ಗುಬ್ಬಿ

ತಾ.ಕ.: ಅಂಚೆಗೆ ಹಾಕುವ ಮುಂಚೆ ಧೈರ್ಯ ಮಾಡಿ ಅಪ್ಪನನ್ನು ಕೇಳಿಬಿಟ್ಟೆ. ‘ಬೇಡ ಅಂತಲೇ ಹಾಕಿದ್ದು. ನೀನು ಸುಮ್ನಿದ್ದಿದ್ದೂ ನೋಡ್ದೆ. ದೊಡ್ಡೋಳು ಬರೋ ತನಕ ತಡ್ಕೋತೀನಿ. ಅವಳ ಮುಖ ನೋಡಿದ್ಮೇಲೆ ಸಾಕು, ನಿಲ್ಸಿಬಿಡು’ ಎಂದು ಬರೆದರು. ಮುಂದಿನ ವಾರ ರಜೆ ಸಿಕ್ಕಿದೆ ಎಂದಿದ್ದೀಯಲ್ಲ. ಇನ್ನೂ ಇಪ್ಪತ್ತೊಂದು ಸಲ ಇದೆ. ಬರಬೇಡ ಅಕ್ಕಾ.