ಕರೆಯ ಇನ್ನೊಂದು ತುದಿ

ಹಳೇ ಮನೆ, ಮೇಲ್ಬೀದಿ
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ನೀನು ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತೀಯಂತೆ, ಭಾವ ಚಾಡಿ ಹೇಳಿದರು. ಅವರ ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆ ಎಂದು ಹೇಳುವುದಕ್ಕೇ ಈ ಕಾಗದ. ಫೋನ್ ಮಾಡಬಹುದಿತ್ತು, ಆದರೆ ಈ ಊರಿನ ಮಾತೆತ್ತಿದರೆ ಸಾಕು, ಒಲೆಯ ಮೇಲೆ ಹಾಲಿದೆ ಎಂದು ನೀನು ಇಟ್ಟುಬಿಡುತ್ತೀ. ನಲವತ್ತಾರು ವರ್ಷದಿಂದ ಅದೊಂದೇ ಹಾಲು ಉಕ್ಕುತ್ತಿದೆ. ಇವತ್ತು ಕೂತು ಪೂರ್ತಿ ಓದು.

ಇಸ್ತ್ರಿ ಬಿದ್ದ, ಅಕ್ಕಾ. ಕಾಲು ಜಾರಿ ಅಲ್ಲ, ಖುರ್ಚಿಯಿಂದ. ಪ್ಯಾಂಟಿನ ಗೆರೆ ಮುರಿದೀತೆಂದು ಕೂರದೆ ನಿಂತೇ ಇರುತ್ತಿದ್ದ ನಿಮ್ಮ ಸೂಪರ್‌ವೈಸರಿಗೆ ನೀನೇ ಇಟ್ಟ ಹೆಸರು ಅದು. ಗೊತ್ತಿರುವುದನ್ನೇ ಮತ್ತೆ ಯಾಕೆ ಬರೆಯುತ್ತೀ ಅನ್ನಬೇಡ. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದನ್ನು ಒಂದು ಸಲ ಬಾಯ್ತುಂಬ ಹೇಳಬೇಕು ನನಗೆ. ಅಣೆಕಟ್ಟೆ ಒಡೆದ ಮಧ್ಯಾಹ್ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು ನೀವಿಬ್ಬರೇ. ನೀನು ಆಪರೇಟರ್ ಏಳು, ಅವನು ಆಪರೇಟರ್ ಒಂದು. ಕೆಳಗಿನ ಎರಡು ಊರುಗಳ ಜನರನ್ನು ಗುಡ್ಡ ಹತ್ತಿಸಿದ್ದು ನಿನ್ನ ಗಂಟಲು, ವರದಿ ಬರೆದದ್ದು ಅವನ ಪೆನ್ನು. ಏಳನೇ ನಂಬರಿನವಳು ಎರಡೂವರೆಗೇ ಸೀಟು ಬಿಟ್ಟು ಓಡಿದಳು, ಎಲ್ಲ ಕರೆಗಳನ್ನೂ ತಾನೇ ಮಾಡಿದೆ ಎಂದು ಬರೆದ. ಸಾಕ್ಷಿಗೆ ಬೇಕಾಗಿದ್ದ ನಮ್ಮ ಎಕ್ಸ್‌ಚೇಂಜಿನ ಕರೆಪುಸ್ತಕ ನೀರುಪಾಲಾಯಿತು ಎಂದ. ಖುರ್ಚಿ ಮೇಜು ಎಲ್ಲ ಉಳಿದವು, ಎತ್ತರದ ಬೀರುವಿನಲ್ಲಿದ್ದ ಆ ಪುಸ್ತಕ ಒಂದೇ ತೇಲಿಹೋಯಿತಂತೆ. ನಿನ್ನ ಕೆಲಸ ಹೋಯಿತು, ಗೊತ್ತಾಗಿದ್ದ ಮದುವೆ ಮುರಿಯಿತು. ಅಂಗಡಿಗೆ ಹೋದರೆ ಹೆಂಗಸರು ನಿನಗೆ ಬೆನ್ನು ಹಾಕುತ್ತಿದ್ದರು. ಅಪ್ಪ ತಾಳಿದವನು ಬಾಳಿಯಾನು ಎಂದರು. ನೀನು ತಾಳಿದೆ, ಬಾಳಿದವನು ಅವನು. ನೀನು ಊರು ಬಿಟ್ಟ ಮೇಲೆ, ಆ ಅಪ್ಪ ತೀರಿಕೊಂಡಾಗಲೂ ಬಸ್ ಸ್ಟ್ಯಾಂಡಿನವರೆಗೆ ಬಂದು, ಅಲ್ಲಿ ನಾಲ್ಕು ಮುಖ ಕಂಡು ಹಾಗೇ ವಾಪಸ್ಸು ಹೋದೆ. ಅದನ್ನು ನಾನು ಯಾವತ್ತೂ ಮರೆತಿಲ್ಲ.

ಮುಂದೆ ಆ ಎಕ್ಸ್‌ಚೇಂಜ್ ಕಟ್ಟಡವೇ ಊರಿನ ಇತಿಹಾಸ ಸಂಘದ ಕಚೇರಿಯಾಯಿತು, ಅವನೇ ಅಧ್ಯಕ್ಷನಾದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಖುರ್ಚಿಯ ಹಿಂದೆ, ನಿನ್ನ ಸ್ವಿಚ್‌ಬೋರ್ಡ್ ಇದ್ದ ಗೋಡೆಯ ಮೇಲೆ, ಎರಡು ಊರುಗಳನ್ನು ಉಳಿಸಿದ ಕರ್ತವ್ಯನಿಷ್ಠ ಎಂದು ಅವನ ಹೆಸರಿನ ಹಿತ್ತಾಳೆ ಫಲಕ. ಹನ್ನೊಂದು ವರ್ಷದ ಹಿಂದೆ ನಾನು ಆ ಸಂಘಕ್ಕೆ ಸೇರಿದಾಗ ನೀನು ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟೆ. ಮೊದಲ ದಿನ ಅವನು ದೊಡ್ಡ ಮನಸ್ಸು ಮಾಡಿದವನಂತೆ, "ನಿಮ್ಮಕ್ಕನ ವಿಷಯ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ, ನೀವೂ ಇಟ್ಕೋಬೇಡಿ" ಎಂದ. ನಾನು ತಲೆಯಾಡಿಸಿ ಅವನಿಗೆ ಟೀ ಸೋಸಿ ಕೊಟ್ಟೆ. ಹನ್ನೊಂದು ವರ್ಷ ಧೂಳು ಹೊಡೆದೆ, ಹಳೇ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದೆ, ಗೆದ್ದಲು ಹತ್ತಿದ ಕಡತಗಳ ಒಂದೊಂದು ಹಾಳೆಯನ್ನೂ ಬ್ರಷ್ಷಿನಿಂದ ಒರೆಸಿದೆ. ಎಲ್ಲಾದರೂ ನಿನ್ನ ಏಳನೇ ನಂಬರು ಸಿಕ್ಕೀತೆಂದು. ನಮ್ಮೂರಿನ ಕಾಗದದಲ್ಲಿ ಅದರ ಗುರುತೂ ಉಳಿದಿರಲಿಲ್ಲ.

ಆಮೇಲೆ ಒಂದು ದಿನ, ಚಿಕ್ಕವಳಿದ್ದಾಗ ನಿನ್ನ ಪಕ್ಕ ಸ್ಟೂಲಿನ ಮೇಲೆ ಕೂತು ನೋಡಿದ್ದು ನೆನಪಾಯಿತು. ಬೇರೆ ಊರಿಗೆ ಟ್ರಂಕ್ ಕರೆ ಮಾಡುವಾಗ ನೀನು ನಿನ್ನ ನಂಬರು ಹೇಳುತ್ತಿದ್ದೆ, ಅತ್ತ ಕಡೆಯವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕರೆಗೆ ಎರಡು ತುದಿ ಇರುತ್ತದೆ. ಇಡೀ ಜನ್ಮ ಟೆಲಿಫೋನಿನಲ್ಲೇ ಕಳೆದ ಮನುಷ್ಯ ಅದನ್ನೇ ಮರೆತು ಒಂದು ತುದಿಯನ್ನು ಮಾತ್ರ ಕತ್ತರಿಸಿದ್ದ. ನೀನು ಎಚ್ಚರಿಸಿದ ಆ ಎರಡು ಊರುಗಳಿಗೂ, ಸೇತುವೆಯ ಊರಿಗೂ ಕೆಳಗಿನ ಊರಿಗೂ, ಅವರವರ ಇತಿಹಾಸ ಸಂಘಗಳಿವೆ. ಆದರೆ ಮೂರೂ ಸಂಘಗಳಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ನಮ್ಮ ಪ್ರವಾಹವೇ ದೊಡ್ಡದು ಎಂದು ಒಬ್ಬರು, ನಮ್ಮಲ್ಲೇ ಹೆಚ್ಚು ಮನೆ ಬಿದ್ದದ್ದು ಎಂದು ಇನ್ನೊಬ್ಬರು. ಒಬ್ಬರ ಬೀರು ಇನ್ನೊಬ್ಬರಿಗೆ ತೆರೆಯುತ್ತಿರಲಿಲ್ಲ. ನಾನು ಎರಡು ವರ್ಷ ಬಸ್ಸಿನಲ್ಲಿ ಓಡಾಡಿ, ಸೇತುವೆಯ ಊರಿನ ನಿವೃತ್ತ ಲೈಬ್ರರಿಯನ್ನಮ್ಮನ ಸ್ನೇಹ ಮಾಡಿದೆ. ಆಕೆಗೆ ನಿನ್ನ ವಿಷಯ ಹೇಳಲಿಲ್ಲ. ಮೂರೂರಿನ ಕಾಗದಪತ್ರಗಳನ್ನು ಒಂದೇ ಮೇಜಿನ ಮೇಲೆ ಹರಡಿ ಒಂದೇ ಪುಸ್ತಕ ಮಾಡೋಣ ಎಂದೆ, ಅಷ್ಟೆ. ಆಕೆ ಅಚ್ಚುಕಟ್ಟು ಹೆಂಗಸು, ನಿಯಮಗಳನ್ನೂ ಬರೆದಳು. ಒಂದೂರು ಹೇಳಿದ್ದನ್ನು ಇನ್ನೊಂದೂರಿನ ದಾಖಲೆಯ ಜೊತೆ ತಾಳೆ ನೋಡದೆ ಪುಸ್ತಕಕ್ಕೆ ಹಾಕುವಂತಿಲ್ಲ. ಪ್ರತಿಯೊಂದು ಕಾಗದದ ನಕಲೂ ಮೂರೂರಿನಲ್ಲಿ ಇರಬೇಕು, ಬೆಂಕಿಗೋ ನೀರಿಗೋ ಮನುಷ್ಯರ ಕೈಗೋ ಸಿಕ್ಕಿ ಕಳೆದುಹೋಗಬಾರದು. ಏನನ್ನೂ ಬಿಸಾಡುವಂತಿಲ್ಲ.

ಇದಕ್ಕೆ ಇಸ್ತ್ರಿಯ ರುಜು ಬೇಕಿತ್ತು. ಬೆಣ್ಣೆ ಹಚ್ಚುವುದು ನನಗೆ ಬರುವುದಿಲ್ಲ ಎಂದು ನೀನು ಯಾವಾಗಲೂ ಅನ್ನುತ್ತಿದ್ದೆಯಲ್ಲ, ಅವತ್ತು ಡಬ್ಬಿಯನ್ನೇ ಬರಿದು ಮಾಡಿದೆ. "ಸಾರ್, ನಿಮ್ಮ ಕಥೆ ನಮ್ಮೂರಲ್ಲೇ ಉಳಿದ್ರೆ ಹೇಗೆ? ನೀವು ಉಳಿಸಿದ ಊರಿನವರೂ ಓದಬೇಕಲ್ವಾ?" ಎಂದೆ. ಅವನು ಕನ್ನಡಕ ಒರೆಸಿಕೊಂಡು, ನಿಯಮಗಳನ್ನು ಓದದೆಯೇ ರುಜು ಹಾಕಿದ. ಮುಖಪುಟಕ್ಕೆ ಯಾವ ಫೋಟೋ ಕೊಡಲಿ ಎಂದೂ ಕೇಳಿದ.

ಹೋದ ತಿಂಗಳು ಸೇತುವೆಯ ಊರಿನ ಲೈಬ್ರರಿಯಲ್ಲಿ ಮೂರು ಸಂಘದವರೂ ಕೂತೆವು. ಸುಮಾರು ನಲವತ್ತು ಜನ. ಅವನು ಮುಂದಿನ ಸಾಲಿನಲ್ಲಿ, ಗರಿಗರಿ ಅಂಗಿ. ಮೊದಲು ಅವನ ವರದಿಯನ್ನು ಅವನೇ ಎದ್ದು ಓದಿದ, ಚಪ್ಪಾಳೆಯೂ ಬಿತ್ತು, ನಾನೂ ತಟ್ಟಿದೆ. ಆಮೇಲೆ ಕೆಳಗಿನ ಊರಿನ ಕಾರ್ಯದರ್ಶಿ ತಮ್ಮ ಎಕ್ಸ್‌ಚೇಂಜಿನ ಪುಸ್ತಕ ತೆರೆದ. ಕೆಲಸದಲ್ಲಿ ಕ್ಷೌರಿಕ, ಕಂಚಿನ ಕಂಠ. ಮೂರು ಗಂಟೆ ಎರಡು ನಿಮಿಷ, ಮೇಲಿನ ಊರಿಂದ, ಆಪರೇಟರ್ ಏಳು. ಲೈಬ್ರರಿಯನ್ನಮ್ಮ ತನ್ನ ಊರಿನ ಪುಸ್ತಕದಿಂದ ಓದಿದಳು. ಮೂರು ಗಂಟೆ ಐದು ನಿಮಿಷ, ಮೇಲಿನ ಊರಿಂದ, ಆಪರೇಟರ್ ಏಳು. ಮತ್ತೆ ಅವನು, ಮತ್ತೆ ಇವಳು. ಆಸ್ಪತ್ರೆಗೆ, ಶಾಲೆಗೆ, ಹಿಟ್ಟಿನ ಮಿಲ್ಲಿಗೆ, ಪೊಲೀಸ್ ಠಾಣೆಗೆ, ಮೂವತ್ತೇಳು ಕರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಇವನು ಹತ್ತನೇ ಕರೆಗೇ ಕಾಲರ್ ಸರಿಮಾಡಿಕೊಳ್ಳತೊಡಗಿದ. ಒಂದನೇ ನಂಬರು ಒಂದೇ ಸಲ ಬಂತು, ಎರಡು ಗಂಟೆ ಐವತ್ತಕ್ಕೆ, ಸೇತುವೆಯ ಊರಿನ ಅವನ ಬಾಮೈದನ ಮನೆಗೆ. ಷರಾ ಕಾಲಂನಲ್ಲಿ ಖಾಸಗಿ ಕರೆ, ಕೂಡಲೇ ಜೀಪು ಕಳಿಸಿ ಎಂದಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಕೊನೆಯ ಕರೆ ನಾಲ್ಕು ಇಪ್ಪತ್ತೈದರದು. ಕ್ಷೌರಿಕ ಆ ಸಾಲಿನ ಕೆಳಗೆ ಬೆರಳಿಟ್ಟು ಓದಿದ. "ಆಪರೇಟರ್ ಏಳು. ನೀರು ಸೊಂಟಕ್ಕೆ ಬಂತು, ಇನ್ನು ಲೈನ್ ಸಿಗೋದಿಲ್ಲ, ಮಕ್ಕಳನ್ನ ಮೊದಲು ಹತ್ತಿಸಿ ಅಂದರು." ಅವತ್ತು ಅದನ್ನು ಬರೆದುಕೊಂಡ ಕೈ ಅವನ ತಾಯಿಯದಂತೆ, ಅಕ್ಕಾ. ಆ ಮಕ್ಕಳಲ್ಲಿ ಅವನೂ ಒಬ್ಬ. ಆಪರೇಟರ್ ಏಳು ಯಾರು ಎಂದು ಅವನು ಕೇಳಿದ. ನಾನು ಎದ್ದು ನಿಂತು ನಿನ್ನ ಹೆಸರು ಹೇಳಿದೆ. ನಿನ್ನ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ, ಇಸ್ತ್ರಿಯ ಮುಖ ನೋಡಿಕೊಂಡೇ ಹೇಳಿದೆ. ಅವನು ಪುಸ್ತಕದಲ್ಲಿ ತಪ್ಪಿರಬಹುದು ಎಂದು ಏನೋ ಶುರುಮಾಡಿದ. ಎರಡು ಊರಿನ ಪುಸ್ತಕ ಒಟ್ಟಿಗೆ ಹೇಗ್ರೀ ತಪ್ಪಾಗುತ್ತೆ ಎಂದು ಲೈಬ್ರರಿಯನ್ನಮ್ಮ ಕೇಳಿದಳು. ಅವನ ವರದಿ ಸುಳ್ಳು ಎಂದು ಬರೆದು ಮೂರೂ ಸಂಘದವರು ಅಲ್ಲೇ ರುಜು ಹಾಕಿದರು, ನಮ್ಮ ಸಂಘದವರು ಅವನನ್ನು ಅಧ್ಯಕ್ಷಗಿರಿಯಿಂದ ಇಳಿಸಿದರು. ಅವನು ಕೈಚೀಲ ಬಿಟ್ಟು ಹೊರಗೆ ಹೋದ.

ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ವಯಸ್ಸಾದವನು, ಇನ್ನು ಬಿಟ್ಟುಬಿಡಮ್ಮ ಎಂದು ನನ್ನ ಮಗಳು ಹೇಳಿದಳು. ನಿನಗೂ ಆಗ ಇಪ್ಪತ್ತೆರಡು ವಯಸ್ಸಾಗಿತ್ತು, ಅವನು ಬಿಟ್ಟನೇ? ಬಡಗಿಯನ್ನು ಕರೆಸಿ ಫಲಕ ಬಿಚ್ಚಿಸಿದೆ. ಕರಗಿಸಿಬಿಡೋಣ ಎಂದರು ಕೆಲವರು. ಏನನ್ನೂ ಬಿಸಾಡುವಂತಿಲ್ಲ ಎಂದು ನಿಯಮವಿದೆಯಲ್ಲ ಎಂದೆ. ಈಗ ಅದು ಗಾಜಿನ ಪೆಟ್ಟಿಗೆಯಲ್ಲಿದೆ, ಪಕ್ಕದಲ್ಲಿ ಎರಡು ಪುಸ್ತಕಗಳ ಆ ಪುಟಗಳು, ಕೆಳಗೆ ನನ್ನ ಕೈಬರಹದ ಚೀಟಿ: ಈ ಫಲಕದಲ್ಲಿ ಬರೆದಿರುವುದು ಸುಳ್ಳು. ಫೋಟೋ, ಚೀಟಿ ಎಲ್ಲ ಮೂರೂರಿನಲ್ಲೂ ಇವೆ. ಮಾಡಿದ್ದುಣ್ಣೋ ಮಹರಾಯ. ಅವನು ಸತ್ತ ಮೇಲೂ ಶಾಲೆಯ ಮಕ್ಕಳು ಸಾಲಾಗಿ ಬಂದು ಓದುತ್ತಾರೆ.

ಭಾವನವರಿಗೆ ನಮಸ್ಕಾರ, ಕೆಮ್ಮಿಗೆ ಬಿಸಿನೀರು ಬಿಡಬಾರದೆಂದು ಹೇಳು. ಮಕ್ಕಳಿಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ಮಂಡಿ ಬಿಟ್ಟು.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ. ಅಂಚೆಯ ಹೊತ್ತಾಯಿತು, ಗೀಚುತ್ತಿದ್ದೇನೆ. ಹತ್ತು ದಿನದ ಹಿಂದೆ ಅವನು ನಮ್ಮ ಗೇಟಿಗೆ ಬಂದಿದ್ದ. ನಿನ್ನ ಹೆಸರು ಬರೆದು ಅಂಟಿಸಿದ ಲಕೋಟೆ ಕೊಟ್ಟು, "ವಿಳಾಸ ಗೊತ್ತಿಲ್ಲ, ನೀವೇ ಕಳಿಸಿ, ಉತ್ತರ ಬಂದ್ರೆ ಹೇಳಿ" ಎಂದ. ಡಾಕ್ಟರು ಅವನಿಗೆ ಉಳಿದಿರುವುದು ಮೂರೇ ತಿಂಗಳು ಎಂದಿದ್ದಾರಂತೆ. ಆ ಲಕೋಟೆ ಇದರೊಳಗಿಲ್ಲ, ಹುಡುಕಬೇಡ. ಒಡೆಯದೆ ಸಂಘಕ್ಕೆ ಒಪ್ಪಿಸಿ ನಂಬರು ಹಾಕಿಸಿದ್ದೇನೆ. ಹೆಸರಿದ್ದವರು ಖುದ್ದಾಗಿ ಬಂದು ಮೂರೂ ಕಾರ್ಯದರ್ಶಿಗಳ ಎದುರು ರುಜು ಹಾಕಿದರೆ ಮಾತ್ರ ತೆರೆಯಬಹುದು. ಈ ನಿಯಮ ಬರೆಸಿದವಳು ನಾನು. ಅಂಚೆಯಲ್ಲಿ ಕಳಿಸಿದ್ದರೆ ನೀನು ಅಡುಗೆಮನೆಯಲ್ಲಿ ನಿಂತು ಓದಿ, ಅತ್ತು, ಸಂಜೆಯೊಳಗೆ ಕ್ಷಮಿಸಿಬಿಡುತ್ತಿದ್ದೆ. ನಿನ್ನ ಬುದ್ಧಿ ನನಗೆ ಗೊತ್ತು. ದಿನಾ ಬೆಳಿಗ್ಗೆ ಅವನು ಬಂದು ಉತ್ತರ ಬಂತೇ ಎಂದು ಕೇಳುತ್ತಾನೆ, ಇಲ್ಲ ಎನ್ನುತ್ತೇನೆ. ಕ್ಷಮಿಸಲೇಬೇಕು ಅಂತಿದ್ದರೆ ಬಸ್ಸು ಹತ್ತು. ನಡುಬೀದಿಯಲ್ಲಿ ತಲೆಯೆತ್ತಿ ನಡೆದು ಬಾ, ಎಲ್ಲರೂ ನೋಡುವ ಹಾಗೆ ಅವನ ಎದುರು ಕೂತು ಕ್ಷಮಿಸು. ಬರಲು ಮನಸ್ಸಿಲ್ಲದಿದ್ದರೆ ಬಿಡು, ಕಾಯಲಿ. ನೀನು ಕಾದಷ್ಟು ವರ್ಷ ಅವನ ಹತ್ತಿರ ಇಲ್ಲ.