ಹಿತ್ತಾಳೆ ಉಜ್ಜುವ ಶನಿವಾರ

ಬ್ಲೇನ್‌ವೆನ್, ವೇಲ್ಸ್
೧೪ ಅಕ್ಟೋಬರ್ ೧೯೯೮

ನನ್ನ ತಂಗಿ ನೆಸ್ತಾಳಿಗೆ ಅಣ್ಣ ಇದ್ವಾಲನ ಅಕ್ಕರೆಯ ನೆನಪುಗಳು.

ಲಿವರ್‌ಪೂಲಿನಲ್ಲಿ ನೀನು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು, ನನ್ನ ಮಂಡಿನೋವು, ಇಬ್ಬರೇ.

ನಾವು ಪ್ರಾರ್ಥನೆಗೆ ಹೋಗುತ್ತಿದ್ದ ಹಳೆಯ ಚಾಪೆಲ್ ಈಗ ಮ್ಯೂಸಿಯಂ. ಎಡಗಡೆ ಈ ಬೆಟ್ಟದ ಕಲ್ಲುಗಳು. ನಲವತ್ತು ವರ್ಷ ಗಣಿಯಿಂದ ನಾನು ಜೇಬಿನಲ್ಲಿ ತಂದ ಸ್ಲೇಟು, ಬೆಣಚು, ತಾಮ್ರದ ಅದಿರು. ಬಲಗಡೆ ಈ ನಾಡಿನ ಪುರಾತನ ಜನ ಕೆಲ್ಟರ ಲೋಹದ ಕೆಲಸ. ಅಲ್ಲಿ ಗಾಜಿನೊಳಗೆ, ಒಲೆಯಲ್ಲಿ ಉರಿಸಲೆಂದು ಜೌಗುಮಣ್ಣಿನ ಹೆಂಟೆ ಕಡಿಯುವಾಗ ಅಪ್ಪನಿಗೆ ಸಿಕ್ಕಿದ್ದ ಕಂಚಿನ ಕಡಿವಾಣ.

ಶುಕ್ರವಾರ ಬಾಗಿಲು ತೆರೆದರು. ಕಡಿವಾಣದ ಕೆಳಗಿನ ಚೀಟಿ ಓದಿದೆ: ‘ಮನೆಯ ಮಗಳು ಉಜ್ಜಿದ್ದರಿಂದ ಕೆತ್ತನೆ ಅಳಿಸಿದೆ.’ ಅಪ್ಪನ ಹಳೆಯ ಕಾಗದದಿಂದ ತೆಗೆದ ಮಾತಂತೆ. ಪಕ್ಕದಲ್ಲಿದ್ದ ಬೇಕರಿಯ ಟೆಗ್ವೆನ್, “ಎರಡು ಸಾವಿರ ವರ್ಷ ಮಣ್ಣು ಕಾಪಾಡ್ತು, ನಿನ್ ತಂಗಿ ಒಂದೇ ಬೆಳಿಗ್ಗೆ ಮುಗಿಸಿದ್ಲು ನೋಡು ಮಾರಾಯ” ಎಂದಳು. ನಾನೂ ನಕ್ಕೆ. ಅಷ್ಟು ಅಭ್ಯಾಸವಾಗಿಬಿಟ್ಟಿದೆ.

ಶನಿವಾರ ಬಂದರೆ ಮನೆಯ ಹಿತ್ತಾಳೆಯೆಲ್ಲ ಭಾನುವಾರದ ಪ್ರಾರ್ಥನೆಗೆ ಮೊದಲು ಹೊಳೆಯಬೇಕಿತ್ತಲ್ಲ. ಕುದುರೆಗೆ ತೊಡಿಸುವ ಹಿತ್ತಾಳೆ ಬಿಲ್ಲೆಗಳ ಸಾಲಿನಲ್ಲಿ ಆ ಕಡಿವಾಣವೊಂದೇ ಹಸಿರುಗಟ್ಟಿ ಕೂತಿತ್ತು. ಅಪ್ಪ ಮೆಚ್ಚಲಿ ಎಂದು ಮರಳು, ವಿನೆಗರ್ ಹಾಕಿ ಉಜ್ಜಿದವನು ನಾನು, ಹನ್ನೆರಡರ ಹುಡುಗ. ಹಸಿರಿನ ಜೊತೆ ಬಳ್ಳಿಯ ಕೆತ್ತನೆಯೂ ಹೋಯಿತು. ಅಪ್ಪ ಆ ಚಳಿಗಾಲವಿಡೀ ನಿನ್ನೊಡನೆ ಮಾತಾಡಲಿಲ್ಲ. ಹದಿನಾರಕ್ಕೇ ನೀನು ಚಿಕ್ಕಮ್ಮನ ಮನೆಗೆ ಹೊರಟುಹೋದೆ. ಸ್ಟೇಷನ್ನಿಗೆ ಪೆಟ್ಟಿಗೆ ಹೊತ್ತುತಂದವನೂ ನಾನೇ, ಬಾಯಿ ಬಿಡದೆ.

ನಿನ್ನೆ ಮತ್ತೆ ಹೋದೆ. ಮ್ಯೂಸಿಯಂ ನೋಡಿಕೊಳ್ಳುವ ಹುಡುಗಿ ಲೋರಿಗೆ ಹೇಳಿದೆ: “ಉಜ್ಜಿದ್ದು ನನ್ ತಂಗಿ ಅಲ್ಲಮ್ಮ, ನಾನು.”

“ಅಷ್ಟೇನಾ ಅಜ್ಜ? ಹೊಸ ಚೀಟಿ ಬರೆಯೋಕೆ ಐದು ನಿಮಿಷ ಸಾಕು” ಎಂದಳು.

ನನಗೆ ಐವತ್ತೊಂಬತ್ತು ವರ್ಷ ಬೇಕಾಯಿತು. ‘ಮನೆಯ ಮಗ’ ಅಂತ ಬೇಡ, ಹೆಸರೇ ಹಾಕು ಎಂದೆ. ಹಾಕಿದ್ದಾಳೆ. ಒಳ್ಳೆಯ ದಪ್ಪ ಅಕ್ಷರ. ನಿನಗೆ ಕನ್ನಡಕ ಬೇಕಾಗುವುದಿಲ್ಲ.

ಬಂದು ಓದು ಎನ್ನುವ ಹಕ್ಕು ನನಗಿಲ್ಲ. ಬಸ್ಸು ಚಾಪೆಲ್ ಎದುರಿಗೇ ನಿಲ್ಲುತ್ತದೆ ಎಂದಷ್ಟೇ ತಿಳಿಸುತ್ತೇನೆ. ಮಧ್ಯಾಹ್ನಗಳಲ್ಲಿ ನಾನು ಅಲ್ಲೇ ಬೆಂಚಿನ ಮೇಲಿರುತ್ತೇನೆ. ಪಕ್ಕದ ಜಾಗದಲ್ಲಿ ಟೋಪಿ ಇಟ್ಟಿರುತ್ತೇನೆ. ಆ ಜಾಗವನ್ನು ಈವರೆಗೆ ಯಾರೂ ಕೇಳಿಲ್ಲ.

ನಿನ್ನ ಅಣ್ಣ,
ಇದ್ವಾಲ್

ಮರೆತದ್ದಲ್ಲ, ಬರೆಯಲು ಹೆದರಿದ್ದು: ಅಪ್ಪನಿಗೆ ಆ ದಿನ ಉಜ್ಜಿದ ಕಡಿವಾಣದ ಪಕ್ಕ ನಿನ್ನ ನೀಲಿ ಫ್ರಾಕಿನ ಚೂರು ಸಿಕ್ಕಿತ್ತಲ್ಲ, ಅದರಿಂದ ನಾನು ಉಜ್ಜಿರಲಿಲ್ಲ. ಉಜ್ಜಿದ್ದು ನನ್ನ ಕಾಲುಚೀಲದಿಂದ. ನಿನ್ನ ಫ್ರಾಕನ್ನು ಹರಿದದ್ದು ಆಮೇಲೆ, ಅಲ್ಲಿಡಲೆಂದೇ.