ನೀವು ಸುರಕ್ಷಿತಗೊಳಿಸಿದ ನಮ್ಮ ಬೀದಿ

ಮಾನ್ಯ ನಗರಾಭಿವೃದ್ಧಿ ಆಯುಕ್ತರೇ,

ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ತಾವು ನಮ್ಮ ಬೀದಿಯ ಸಿನಿಮಾ ಮಂದಿರವನ್ನೂ ಅದರೆದುರಿನ ಹೋಟೆಲನ್ನೂ ಪಕ್ಕದ ಸ್ಕೇಟಿಂಗ್ ಅಂಗಳವನ್ನೂ ಮುಚ್ಚಿಸಿದಿರಿ. ಅಂದಿನಿಂದ, ಆ ಸಾರ್ವಜನಿಕರಲ್ಲಿ ಒಬ್ಬಳಾದ ನನಗೆ ನನ್ನದೇ ಮನೆಗೆ ನಡೆದುಹೋಗಲು ಭಯವಾಗುತ್ತಿದೆ. ಇದೇ ನನ್ನ ದೂರು. ಮುಂದಿರುವುದೆಲ್ಲ ಇದರ ವಿವರಣೆ. ತಮಗೆ ಪುರಸೊತ್ತಿಲ್ಲದಿದ್ದರೆ ಇಷ್ಟನ್ನೇ ಓದಿ ಸಹಿ ಹಾಕಿಬಿಡಬಹುದು. ಮುಚ್ಚುವ ಆದೇಶವನ್ನೂ ಹಾಗೆಯೇ ಹೊರಡಿಸಿದಿರೆಂದು ಕೇಳಿದ್ದೇನೆ.

ನಾನು ಕಟ್ಟುಹಲ್ಲು ತಯಾರಿಸುವ ಕಡೆ ಕೆಲಸ ಮಾಡುತ್ತೇನೆ. ಸಂಜೆ ಬಸ್ಸಿಳಿದು ಈ ಬೀದಿಯ ಉದ್ದಕ್ಕೂ ನಡೆದರೆ ಕೊನೆಗೆ ನನ್ನ ಮನೆ. ಹುಟ್ಟಿದ್ದೂ ಅಲ್ಲೇ, ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ವಾಪಸು ಬಂದದ್ದೂ ಅಲ್ಲಿಗೇ. ಹಳೆಯದೆಲ್ಲ ಹೊನ್ನು ಎನ್ನುವ ಪೈಕಿ ನಾನಲ್ಲ. ಆ ಸಿನಿಮಾ ಮಂದಿರದ ಕುರ್ಚಿಗಳಲ್ಲಿ ಪ್ರೇಕ್ಷಕರಿಗಿಂತ ತಿಗಣೆಗಳೇ ಹೆಚ್ಚಿದ್ದವು. ಸ್ಕೇಟಿಂಗ್ ಅಂಗಳದ ಸಿಮೆಂಟು ಒಡೆದುಹೋಗಿ, ಅಲ್ಲಿ ಬಿದ್ದು ಮಂಡಿ ತರಚಿಕೊಳ್ಳದ ಮಕ್ಕಳು ನಮ್ಮ ಓಣಿಯಲ್ಲಿರಲಿಲ್ಲ. ಹೋಟೆಲಿನ ಚಹಾ ಎಂದರೆ ಬಿಸಿನೀರಿಗೆ ಬಣ್ಣ ಬಂದದ್ದಷ್ಟೆ. ಆದರೂ ಜನ ಕುಡಿಯುತ್ತಿದ್ದರು, ಕುಡಿಯುತ್ತ ಕೂತಿರುತ್ತಿದ್ದರು, ಕೂತು ಬೀದಿ ನೋಡುತ್ತಿದ್ದರು. ತಾವು ಮುಚ್ಚಿಸಿದ್ದು ಇದನ್ನು.

ಆ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರನ್ನು ಇಡೀ ಬೀದಿ ಗಂಟುಮೋರೆ ಎಂದೇ ಕರೆಯುತ್ತಿತ್ತು. ಅವರು ನಕ್ಕದ್ದನ್ನು ಕಂಡವರಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಸಿನಿಮಾ ಬಿಟ್ಟ ಗದ್ದಲದಲ್ಲಿ ಅಮ್ಮನ ಸೆರಗು ಕೈಬಿಟ್ಟುಹೋಯಿತು. ಎಲ್ಲೆಲ್ಲೂ ಕಾಲುಗಳೇ ಕಾಲುಗಳು. ಅಳುತ್ತ ಬೆಳಕಿದ್ದ ಕಡೆ ಹೋದೆ. ಗಂಟುಮೋರೆ ನನ್ನನ್ನು ಎತ್ತಿ ಗಲ್ಲಾದ ಮೇಜಿನ ಮೇಲೆ ಕೂರಿಸಿ, ಕೈಗೆ ಒಂದು ಬನ್ನು ಕೊಟ್ಟು, "ಬಾಯ್ಮುಚ್ಕೊಂಡು ತಿನ್ನು. ಅಮ್ಮ ಇಲ್ಲಿಗೇ ಬರ್ತಾಳೆ. ಎಲ್ರೂ ಇಲ್ಲಿಗೇ ಬರೋದು" ಅಂದರು. ಅಮ್ಮ ಬಂದಳು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅದೇ ಮನುಷ್ಯ ನನ್ನ ಕಣ್ಣಿಗೆ ಶನಿಯಾದರು. "ಇಷ್ಟ್ಹೊತ್ತು ಎಲ್ಲಿದ್ದೆ?" ಎಂದು ರಸ್ತೆಗೆ ಕೇಳುವಂತೆ ವಿಚಾರಿಸುವರು. "ಲೈಬ್ರರಿಲಿ" ಎಂದರೆ, "ಲೈಬ್ರರಿಗೆ ಇವತ್ತು ರಜ" ಎನ್ನುವರು. ಈ ಬೀದಿಯಲ್ಲಿ ಕಣ್ಣು ತಪ್ಪಿಸಿ ಒಂದು ಹೆಜ್ಜೆ ಇಡುವಂತಿಲ್ಲವಲ್ಲ ಎಂದು ಆಗ ಹಲ್ಲು ಕಡಿಯುತ್ತಿದ್ದೆ. ಈಗ ಯಾರ ಕಣ್ಣೂ ಇಲ್ಲ. ಅಭಿನಂದನೆಗಳು.

ತಮ್ಮ ಇಲಾಖೆ ಮೊದಲು ಬೀಗ ಹಾಕಿತು, ಆಮೇಲೆ ಒಡೆಯಿತು, ಆಮೇಲೆ ಎರಡೂ ಬದಿಗೆ ಆಳೆತ್ತರ ಮೀರಿದ ತಗಡು ನಿಲ್ಲಿಸಿತು. ತಗಡಿನ ಮೇಲೆ ಮುಂದೆ ಬರಲಿರುವ ಭವ್ಯ ಸಂಕೀರ್ಣದ ಚಿತ್ರ: ನಗುವ ಅಪ್ಪ, ನಗುವ ಅಮ್ಮ, ಬಲೂನು ಹಿಡಿದ ಮಗು, ಒಂದು ನಾಯಿ. ಸಂಜೆಯ ಹೊತ್ತು ನಮ್ಮ ಬೀದಿಯಲ್ಲಿ ಕಾಣಸಿಗುವ ಸಂಸಾರ ಇದೊಂದೇ. ಬೀದಿದೀಪದ ಕಂಬಗಳು ತಗಡಿನ ಒಳಗಡೆ ಉಳಿದುಬಿಟ್ಟಿವೆ. ಅಡಿಪಾಯದ ಗುಂಡಿಗೆ ಬೆಳಕಿದೆ, ನಮಗಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ ಬಸ್ಸಿಳಿದು ತಗಡುಗಳ ನಡುವೆ ಅರ್ಧ ದಾರಿ ಬಂದಿದ್ದೆ. ಹಿಂದೆ ಹೆಜ್ಜೆ ಸಪ್ಪಳ. ನಾನು ನಿಂತೆ, ಅದೂ ನಿಂತಿತು. ನಾನು ನಡೆದೆ, ಅದೂ ನಡೆಯಿತು. ತಗಡಿಗೆ ಬಡಿದು ಸಪ್ಪಳ ಮುಂದಿನಿಂದಲೂ ಬರುತ್ತಿತ್ತು. ಒಬ್ಬನೋ ಇಬ್ಬರೋ ತಿಳಿಯಲಿಲ್ಲ. ಆಮೇಲೆ ಅವನು ಮಾತಾಡಿದ. ಒರಟಾಗಿ ಅಲ್ಲ, ವಿಳಾಸ ಕೇಳುವವನ ಹಾಗೆ, "ಅಕ್ಕಾ, ಸ್ವಲ್ಪ ನಿಂತ್ಕೊಳ್ಳಿ" ಅಂದ.

ಓಡಿದೆ. ಯೋಚಿಸಿ ಓಡಲಿಲ್ಲ, ಕಾಲುಗಳು ತಾವೇ ಬಲಕ್ಕೆ ತಿರುಗಿದವು. ನಾನು ಹೋಟೆಲಿನ ಬಾಗಿಲಿಗೆ ಓಡುತ್ತಿದ್ದೇನೆಂದು ನನಗೆ ಗೊತ್ತಾದದ್ದು ತಗಡಿಗೆ ಹಣೆ ಬಡಿದಾಗ. ಅಲ್ಲಿ ಬಾಗಿಲಿಲ್ಲ ಎಂದು ತಿಳಿದೂ ಎರಡೂ ಕೈಯಿಂದ ಬಡಿದೆ. ಯಾರ ಹೆಸರು ಕೂಗಿದೆನೋ ನೆನಪಿಲ್ಲ. ಅವನು ನಿಧಾನವಾಗಿ ಬಂದು ನನ್ನ ತೋಳು ಹಿಡಿದ. "ಯಾಕ್ ಸುಮ್ನೆ ಕೈ ನೋಯಿಸ್ಕೊಳ್ತೀರಿ, ಇಲ್ಲಿ ಯಾರೂ ಇಲ್ಲ" ಅಂದ.

ಆಯುಕ್ತರೇ, ಅವನು ಹೇಳಿದ್ದು ನಿಜ. ಆ ನಿಜವನ್ನು ಮಾಡಿಕೊಟ್ಟವರು ಯಾರು?

ನನ್ನನ್ನು ಉಳಿಸಿದ್ದು ತಮ್ಮ ಯಾವ ಯೋಜನೆಯೂ ಅಲ್ಲ, ದಾರಿ ತಪ್ಪಿದ ಒಂದು ನೀರಿನ ಟ್ಯಾಂಕರು. ಅದರ ದೀಪ ನಮ್ಮ ಮೇಲೆ ಬಿತ್ತು. ಅವನು ಕೈ ಬಿಟ್ಟು, ಟೋಪಿ ಕೆಳಗೆಳೆದುಕೊಂಡು ನಡೆದುಹೋದ. ಓಡಲೂ ಇಲ್ಲ. ಓಡುವ ಅಗತ್ಯವಾದರೂ ಏನಿತ್ತು?

ಟ್ಯಾಂಕರಿನವನಿಗೆ ಏನೂ ಗೊತ್ತಿರಲಿಲ್ಲ. ತಲೆ ಹೊರಗೆ ಹಾಕಿ, "ಅಕ್ಕ, ಈ ರೋಡು ಮುಂದಕ್ಕೆ ಹೋಗತ್ತಾ?" ಎಂದು ಕೇಳಿದ. ನಾನು "ಸಿನಿಮಾ ಹತ್ರ ಎಡಕ್ಕೆ ತಗೊಳ್ಳಿ" ಅಂದೆ.

"ಯಾವ ಸಿನಿಮಾ?"

ನಾನು ಅಳತೊಡಗಿದೆ. ಆಗ ಅವನು ನನ್ನ ಹಣೆಯ ರಕ್ತ ನೋಡಿದ, ಹಿಂದಿನ ಕತ್ತಲೆ ನೋಡಿದ, ಅರ್ಥ ಮಾಡಿಕೊಂಡ. "ಹತ್ತಿ, ಮನೆಗೆ ಬಿಡ್ತೀನಿ" ಅಂದ. ನನಗೆ ಅವನನ್ನೂ ನಂಬಲಾಗಲಿಲ್ಲ. ಅದನ್ನೂ ಅರ್ಥ ಮಾಡಿಕೊಂಡ. "ಸರಿ, ನೀವು ನಡೀರಿ. ನಾನು ಹಿಂದಿನಿಂದ ಲೈಟ್ ಹಾಕ್ಕೊಂಡು ಬರ್ತೀನಿ" ಅಂದ. ನನ್ನದೇ ನೆರಳನ್ನು ಮುಂದಿಟ್ಟುಕೊಂಡು ನಾನು ಮನೆ ಸೇರಿದೆ. ಒಳಗಿನಿಂದ ಚಿಲಕ ಹಾಕುವವರೆಗೂ ಟ್ಯಾಂಕರು ಅಲ್ಲೇ ಗುರುಗುಟ್ಟುತ್ತ ನಿಂತಿತ್ತು.

ಮರುದಿನ ಠಾಣೆಗೆ ಹೋದೆ. "ಏನೂ ಆಗಿಲ್ವಲ್ಲ?" ಎಂದರು. ಆಮೇಲೆ, "ಆ ಹೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ರಿ?" ಎಂದರು. ಮನೆಗೆ ಎಂದೆ. ಅದು ಅವರಿಗೆ ಸಮಾಧಾನಕರ ಉತ್ತರವೆನಿಸಲಿಲ್ಲ. ಅಲ್ಲಿಂದ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಬಹಳ ಮರ್ಯಾದೆಯಿಂದ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ ಮೇಡಂ, ನಿಮ್ಮ ಬೀದಿಗೆ ಹಾಕಿದ ಹೊಸ ಕ್ಯಾಮೆರಾ. ಕತ್ತಲಲ್ಲೂ ಎಷ್ಟು ಕ್ಲಿಯರ್" ಎಂದು ತೋರಿಸಿದರು. ಅದರಲ್ಲಿ ನಾನಿದ್ದೆ, ಇರುವೆಯಷ್ಟು. ನಗುವ ಅಮ್ಮನ ಚಿತ್ರವನ್ನು ಬಡಿಯುತ್ತಿದ್ದೆ. ಅವನ ಟೋಪಿಯೂ ಕ್ಲಿಯರ್ ಆಗಿತ್ತು. ಮುಖವಿರಲಿಲ್ಲ. ಕ್ಯಾಮೆರಾ ಎಲ್ಲವನ್ನೂ ನೋಡಿದೆ, ನೋಡಿ ಸುಮ್ಮನಿದೆ. ಗಂಟುಮೋರೆ ನೋಡಿದ್ದರೆ ಸುಮ್ಮನಿರುತ್ತಿದ್ದರೇ? ಕುರ್ಚಿ ಒದ್ದು ಎದ್ದು ಬರುತ್ತಿದ್ದರು.

ಅಂದಿನಿಂದ ನನಗೆ ಮನೆಯೊಳಗೂ ಹೆಜ್ಜೆ ಕೇಳಿಸುತ್ತದೆ. ಕೆಲಸದಲ್ಲಿ ಯಾರಾದರೂ ಹಿಂದಿನಿಂದ ಬಂದರೆ ಕೈಯಲ್ಲಿದ್ದ ಅಚ್ಚು ಬಿದ್ದುಹೋಗುತ್ತದೆ. ಇದನ್ನಾದರೂ ಸಹಿಸಬಹುದು. ನನಗೆ ಇನ್ನೂ ದೊಡ್ಡ ಭಯವೊಂದಿದೆ. ನನ್ನ ಮಗಳು ಈಜುಕೊಳವೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ, ನನಗಿಂತ ತಡವಾದ ಬಸ್ಸಿನಲ್ಲಿ ಬರುತ್ತಾಳೆ. ಆ ಕೆಲಸ ಬಿಡು ಎಂದು ಕಾಲು ಹಿಡಿಯುವುದೊಂದು ಬಾಕಿ. ಅವಳು, "ಅಮ್ಮ, ಯಾವನೋ ತಪ್ಪು ಮಾಡಿದ್ದಕ್ಕೆ ನಾನ್ಯಾಕೆ ಮನೇಲಿ ಕೂರ್ಬೇಕು?" ಎನ್ನುತ್ತಾಳೆ. ನ್ಯಾಯವಾದ ಮಾತೇ. ಆದರೆ ನ್ಯಾಯ ಅವಳ ಜೊತೆ ಆ ತಗಡುಗಳ ನಡುವೆ ನಡೆದು ಬರುತ್ತದೆಯೇ? ಹಾಗಾಗಿ ನಾನು ಬಸ್ ನಿಲ್ದಾಣದಲ್ಲೇ ನಿಂತು ಕಾಯುತ್ತೇನೆ. ಅವಳು ಇಳಿದ ಮೇಲೆ ಇಬ್ಬರು ಹೆದರಿದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನಡೆಯುತ್ತೇವೆ. ಅವಳು ಹೆದರಿಲ್ಲವೆಂದು ಹೇಳುತ್ತಾಳೆ, ಅಂಗೈ ಮಾತ್ರ ಒದ್ದೆಯಾಗಿರುತ್ತದೆ.

ಹೋಟೆಲು ಹೋದ ಮೇಲೆ ಗಂಟುಮೋರೆ ಆ ನಿಲ್ದಾಣದ ಪಕ್ಕ ಒಂದು ತಳ್ಳುಗಾಡಿ ಇಟ್ಟುಕೊಂಡಿದ್ದಾರೆ. ಅದೇ ಬಣ್ಣದ ನೀರು, ಒಂದು ಬಲ್ಬು. ನಡೆದದ್ದನ್ನು ನಾನು ಹೇಳಿದಾಗ ಅವರು ಬಹಳ ಹೊತ್ತು ಲೋಟ ತೊಳೆದರು, ತೊಳೆದದ್ದನ್ನೇ ತೊಳೆದರು. "ನಾನಲ್ಲಿದ್ದಿದ್ರೆ..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟರು. ಆಮೇಲೆ, "ನಿನ್ನ ಮಗಳ ಬಸ್ಸು ಬರೋವರ್ಗೂ ಗಾಡಿ ಮುಚ್ಚಲ್ಲ" ಅಂದರು. ಗಿರಾಕಿ ಇರಲಿ ಬಿಡಲಿ, ಮುಚ್ಚಿಲ್ಲ.

ಈಗ ಆ ಗಾಡಿಗೂ ತಮ್ಮ ನೋಟೀಸು ಅಂಟಿದೆ. ಪಾದಚಾರಿಗಳಿಗೆ ಅಡ್ಡಿಯಂತೆ. ಸ್ವಾಮೀ, ಆ ಪಾದಚಾರಿಗಳು ನಾವೇ. ನಮಗೆ ಅಡ್ಡಿಯಾಗಿಲ್ಲ.

ಸಿನಿಮಾ ಮಂದಿರ ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಒಡೆದದ್ದು ಕೂಡುವುದಿಲ್ಲವೆಂಬ ಅರಿವು ನನಗಿದೆ. ಆ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ದೀಪದ ಕಂಬಗಳನ್ನು ತಗಡಿನಿಂದ ಈಚೆಗೆ ತನ್ನಿ. ತಗಡನ್ನು ಅಲ್ಲಲ್ಲಿ ಕತ್ತರಿಸಿ ಬಾಗಿಲಿಡಿ, ಬಾಗಿಲಿಗೊಬ್ಬ ಕಾವಲುಗಾರನನ್ನು ಕೂರಿಸಿ. ಇವು ಆಗುವವರೆಗೆ ನಮ್ಮ ಬೀದಿಯ ಬಗ್ಗೆ ಸುರಕ್ಷತೆ ಎಂಬ ಪದವನ್ನು ಯಾವ ಆದೇಶದಲ್ಲೂ ಬಳಸಬೇಡಿ.

ಉತ್ತರ ಕಳುಹಿಸುವ ಮನಸ್ಸಾದರೆ ದಯವಿಟ್ಟು ಹಗಲು ಹೊತ್ತಿನಲ್ಲೇ ಕಳುಹಿಸಿ. ಕತ್ತಲಾದ ಮೇಲೆ ಯಾರು ಬಾಗಿಲು ಬಡಿದರೂ ನಾವು ತೆಗೆಯುವುದಿಲ್ಲ.

ಇಂತಿ,
ತಮ್ಮ ಅಂಕಿಅಂಶಗಳ ಪ್ರಕಾರ ಸುರಕ್ಷಿತಳಾಗಿರುವ,
ಕೊನೆಯ ಮನೆಯ ಹೆಂಗಸು